ಮೀನಿನ ಪಿಕಪ್ ಘಾಟಿಯಲ್ಲಿ ಯಾಕೆ ನಿಲ್ಲುತ್ತೆ?

 

ಗಂಗೊಳ್ಳಿ ಬಂದರಿನಿಂದ ಮೀನು ಹೇರಿಕೊಂಡು ಬಾಳೆಬರೆ ಘಾಟಿ ಹತ್ತುವ ಪಿಕಪ್ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ. ನನ್ನ ಸೋದರಮಾವನ ಗಾಡಿಗೆ ಈಗ 14 ವರ್ಷ. ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ಅದು ಮೂರು ಸಲ ಘಾಟಿಯಲ್ಲಿ ನಿಂತಿತು. ಒಂದು ಸಲ ಐಸ್ ಕರಗಿ ಅರ್ಧ ಲೋಡು ಬಂಗುಡೆ ಹಾಳಾಯ್ತು. "ಎಂಜಿನ್ ಹೋಯ್ತು" ಅಂತ ಊರಲ್ಲಿ ಎಲ್ಲರೂ ಹೇಳಿದರು. ಆದರೆ ಎಂಜಿನ್ ಸರಿಯೇ ಇತ್ತು. ರೋಗ ಇದ್ದದ್ದು ಡೀಸೆಲ್ ಟ್ಯಾಂಕಿಯಲ್ಲಿ! ಗ್ಯಾರೇಜಿನಲ್ಲಿ ನಿಂತು ನೋಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ತುಕ್ಕು ಹೇಗೆ ಹಿಡಿಯುತ್ತೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ. ಇದು ವಿಜ್ಞಾನ ಪುಸ್ತಕದಲ್ಲೇ ಇದೆ. ನೀರಿಗೆ ಉಪ್ಪು ಸೇರಿದರೆ ಈ ಕೆಲಸ ಇನ್ನೂ ಬೇಗ ಆಗುತ್ತೆ. ಮೀನಿನ ಪೆಟ್ಟಿಗೆಯಿಂದ ಸೋರುವ ಐಸ್ ನೀರಿನಲ್ಲಿ ಉಪ್ಪು ಇರುತ್ತದೆ. ಅದು ಸಂದಿಯಿಂದ ಇಳಿದು ಚಾಸಿ, ಟ್ಯಾಂಕಿ, ಪೈಪುಗಳ ಮೇಲೆ ಬೀಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಉಬ್ಬಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಗ ಅದರ ಕೆಳಗಿನ ಕಬ್ಬಿಣಕ್ಕೂ ನೀರು ತಾಗುತ್ತದೆ. ಹೀಗೆ ತಿನ್ನುತ್ತಾ ತಿನ್ನುತ್ತಾ ಕೊನೆಗೆ ತೂತು!

2. ಟ್ಯಾಂಕಿಯ ಒಳಗೆ ನೀರು ಎಲ್ಲಿಂದ ಬಂತು?

ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿಯೊಳಗೆ ಹೋಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ರಾತ್ರಿ ತಂಪಾದಾಗ ಆ ತೇವ ಟ್ಯಾಂಕಿಯ ಗೋಡೆಗೆ ಹನಿಯಾಗಿ ಕೂರುತ್ತದೆ. ತಣ್ಣೀರು ತುಂಬಿದ ಲೋಟದ ಹೊರಗೆ ಬೆವರು ಬರುತ್ತದಲ್ಲ, ಹಾಗೆಯೇ. ಟ್ಯಾಂಕಿ ಖಾಲಿ ಇದ್ದಷ್ಟೂ ಗಾಳಿ ಜಾಸ್ತಿ, ನೀರೂ ಜಾಸ್ತಿ. ಡೀಸೆಲ್ ನೀರಿಗಿಂತ ಹಗುರ. ಆದ್ದರಿಂದ ನೀರು ತಳಕ್ಕೆ ಇಳಿದು ಅಲ್ಲೇ ಕೂತು ಟ್ಯಾಂಕಿಯನ್ನು ಒಳಗಿನಿಂದ ತಿನ್ನುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕೂಡ ಆಗುತ್ತದೆ.

3. ಘಾಟಿಯಲ್ಲೇ ಯಾಕೆ?

ತುಕ್ಕಿನ ಪುಡಿ, ಲೋಳೆ ಎಲ್ಲ ಹೋಗಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಸಮ ರಸ್ತೆಯಲ್ಲಿ ಸ್ವಲ್ಪ ಡೀಸೆಲ್ ಸಾಕು, ಗಾಡಿ ಹೇಗೋ ಓಡುತ್ತೆ. ಏರಿನಲ್ಲಿ ಲೋಡು ಎಳೆಯಲು ಹೆಚ್ಚು ಡೀಸೆಲ್ ಬೇಕು. ಕಟ್ಟಿದ ಫಿಲ್ಟರ್ ಅಷ್ಟು ಬಿಡುವುದಿಲ್ಲ. ಅದಕ್ಕೇ ಅಲ್ಲಿ ನಿಲ್ಲುವುದು.

ಮಾವ ಮೂರು ಸಲವೂ ಫಿಲ್ಟರ್ ಬದಲಿಸಿದರು. ಆಗ ಮೆಕ್ಯಾನಿಕ್ ಹೇಳಿದರು: "ಅಣ್ಣಾ, ಬಾವಿ ಕೊಳೆತಿರುವಾಗ ಬಟ್ಟೆ ಕಟ್ಟಿ ನೀರು ಸೋಸಿದ್ರೆ ಎಂತ ಪ್ರಯೋಜನ? ಬಾವಿಯನ್ನೇ ತೊಳಿಬೇಕು." ಟ್ಯಾಂಕಿ ಇಳಿಸಿ ನೋಡಿದರೆ ತಳದಲ್ಲಿ ಕೆಂಪು ಕೆಸರು!

4. ಗಾಳಿ ಎಳೆಯುವ ತೂತು

ಟ್ಯಾಂಕಿಯಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ. ಅಲ್ಲಿ ಸೂಜಿಯಷ್ಟು ತೂತಾದರೂ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರದೆ ಗಾಳಿ ಒಳಗೆ ಹೋಗಬಹುದು. ಆದ್ದರಿಂದ ಕಣ್ಣಿಗೆ ಸೋರಿಕೆ ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಿ ಕೂಡಲೇ ಬಂದ್ ಆಗುತ್ತೆ. ಇದಕ್ಕೆ "ಏರ್ ಹಿಡಿದಿದೆ" ಅನ್ನುತ್ತಾರೆ. ಕೈಪಂಪು ಒತ್ತಿ ಗುಳ್ಳೆ ನಿಲ್ಲುವ ತನಕ ಗಾಳಿ ತೆಗೆದರೆ ಗಾಡಿ ಹೊರಡುತ್ತದೆ. ಆದರೆ ತೂತು ಹಾಗೇ ಇರುತ್ತದಲ್ಲ!

ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಡೀಸೆಲ್ ಪೈಪಿನ ಹಾಗೆ ಬ್ರೇಕಿನ ಕಬ್ಬಿಣದ ಪೈಪೂ ಚಾಸಿಯ ಪಕ್ಕದಲ್ಲೇ ಹೋಗುತ್ತದೆ. ಅದೇ ಉಪ್ಪುನೀರು ಅದರ ಮೇಲೂ ಬೀಳುತ್ತದೆ. ಡೀಸೆಲ್ ಪೈಪು ತೂತಾದರೆ ಗಾಡಿ ನಿಲ್ಲುತ್ತೆ. ಬ್ರೇಕ್ ಪೈಪು ಒಡೆದರೆ ಗಾಡಿ ನಿಲ್ಲುವುದಿಲ್ಲ! ಘಾಟಿ ಇಳಿಯುವಾಗ ಹಾಗಾದರೆ ಏನು ಗತಿ? ನೀವೇ ಯೋಚಿಸಿ. ಮಾವನ ಗಾಡಿಯಲ್ಲಿ ಎರಡೂ ಪೈಪು ಬದಲಿಸಿದರು.

5. ಏನು ಮಾಡಬೇಕು?

* ಸಂಜೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕಿ ಆದಷ್ಟು ತುಂಬಿಸಿಡಬೇಕು.
* ಫಿಲ್ಟರಿನ ತಳದ ತಿರುಪು ಸಡಿಲಿಸಿ ಆಗಾಗ ನೀರು ಬಿಡಬೇಕು.
* ಮೀನು ಇಳಿಸಿದ ದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಬೇಕು. ಮೇಲೆ ಮಾತ್ರ ತೊಳೆದರೆ ಸಾಲದು.
* ಫಿಲ್ಟರ್ ಪದೇ ಪದೇ ಕಟ್ಟಿದರೆ ಟ್ಯಾಂಕಿ ಇಳಿಸಿ ತೊಳೆಸಬೇಕು.
* ತೂತಾದ ಟ್ಯಾಂಕಿಗೆ "ಖಾಲಿ ಇದೆಯಲ್ಲ" ಅಂತ ವೆಲ್ಡಿಂಗ್ ಮಾಡಿಸಬಾರದು. ಒಳಗೆ ಉಳಿದ ಡೀಸೆಲ್ ಬಿಸಿಗೆ ಆವಿಯಾಗಿ ಸಿಡಿಯಬಹುದು.
* 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಅದಕ್ಕೆ ಮುಂಚೆ ತುಕ್ಕಿನ ಮೇಲೆ ಬಣ್ಣ ಬಳಿದರೆ ತುಕ್ಕು ಕಣ್ಣಿಗೆ ಮರೆಯಾಗುತ್ತದೆ, ಒಳಗೆ ತಿನ್ನುವುದನ್ನು ಬಿಡುವುದಿಲ್ಲ.

ನಿಮ್ಮ ಮನೆಯಲ್ಲಿ ಹಳೇ ಪಿಕಪ್ ಇದ್ದರೆ, ಈ ಭಾನುವಾರ ಅಪ್ಪಯ್ಯನ ಹತ್ತಿರ ಟಾರ್ಚ್ ಕೊಟ್ಟು, "ಬ್ರೇಕ್ ಪೈಪು ಒಮ್ಮೆ ನೋಡಿ" ಅಂತ ಹೇಳಿ.

— 9ನೇ ತರಗತಿಯ ವಿದ್ಯಾರ್ಥಿ