ಒಂದೇ ಹೆಸರಿನಡಿ ಮೂರು ಹವಳಗಳು

ಹೊರನೋಟಕ್ಕೆ ಒಂದೇ ಎನಿಸಿದರೂ ಆನುವಂಶಿಕವಾಗಿ ಬೇರೆಯಾಗಿರುವ ಜೀವಿಗಳನ್ನು ಗೂಢ ಪ್ರಭೇದಗಳೆಂದು ಕರೆಯಲಾಗುತ್ತದೆ. ದಿಬ್ಬ ಕಟ್ಟುವ ಹವಳಗಳಲ್ಲಿ ಇಂಥವನ್ನು ಗುರುತಿಸುವುದು ಸುಲಭವಲ್ಲ. ಏಕೆಂದರೆ ಅವುಗಳ ವರ್ಗೀಕರಣ ಬಹುಕಾಲ ಸುಣ್ಣದ ಅಸ್ಥಿಪಂಜರದ ಆಕಾರವನ್ನೇ ನೆಚ್ಚಿಕೊಂಡಿತ್ತು, ಆ ಆಕಾರವಾದರೋ ಬೆಳಕು, ಆಳ, ಅಲೆಗಳ ಹೊಡೆತಕ್ಕೆ ತಕ್ಕಂತೆ ಒಂದೇ ಪ್ರಭೇದದಲ್ಲೂ ಬದಲಾಗುತ್ತದೆ.

ಕೆರಿಬಿಯನ್ ಕಡಲಿನ ಮುಖ್ಯ ಹವಳವಾದ ಮಾಂಟಾಸ್ಟ್ರಿಯಾ ಆ್ಯನ್ಯುಲಾರಿಸ್ ಕಂಬ, ಗುಡ್ಡೆ, ತಟ್ಟೆಗಳ ರೂಪದಲ್ಲಿ ಬೆಳೆಯುವುದನ್ನು ಪರಿಸರದ ಪರಿಣಾಮವೆಂದೇ ಬಗೆಯಲಾಗಿತ್ತು. ನ್ಯಾನ್ಸಿ ನೋಲ್ಟನ್ ಮತ್ತು ಸಂಗಡಿಗರು ಪನಾಮಾದ ಕಡಲಿನಲ್ಲಿ ಅಕ್ಕಪಕ್ಕದಲ್ಲೇ ಬೆಳೆದ ಈ ರೂಪಗಳನ್ನು ಹೋಲಿಸಿ, ಅವು ಮೂರು ಬೇರೆ ಪ್ರಭೇದಗಳೆಂದು 1992ರಲ್ಲಿ ವಾದಿಸಿದರು. ನೀರು, ಬೆಳಕು ಒಂದೇ ಆಗಿರುವಲ್ಲಿಯೂ ಉಳಿಯುವ ಭೇದ ಹುಟ್ಟಿನಿಂದಲೇ ಬಂದಿರಬೇಕೆಂಬ ಈ ತರ್ಕ ಎಷ್ಟು ಸರಳವೋ ಅಷ್ಟೇ ಗಟ್ಟಿ. ಆ್ಯನ್ಯುಲಾರಿಸ್, ಫೇವಿಯೊಲೇಟಾ, ಫ್ರಾಂಕ್ಸಿ ಎಂಬ ಈ ಮೂರೂ ಈಗ ಆರ್ಬಿಸೆಲ್ಲಾ ಕುಲಕ್ಕೆ ಸೇರಿವೆ.

ಇವುಗಳ ನಡುವಿನ ಬೇಲಿ ಕಾಣುವುದು ಸಂತಾನೋತ್ಪತ್ತಿಯಲ್ಲಿ. ಬೇಸಿಗೆಯ ಕೊನೆಯಲ್ಲಿ, ಹುಣ್ಣಿಮೆಯಾದ ಸುಮಾರು ಒಂದು ವಾರಕ್ಕೆ, ಮೂರೂ ಹವಳಗಳು ಅಂಡ ಮತ್ತು ವೀರ್ಯಾಣುಗಳ ಪುಟ್ಟ ಗಂಟುಗಳನ್ನು ರಾತ್ರಿಯ ನೀರಿಗೆ ಬಿಡುತ್ತವೆ. ಆದರೆ ಫ್ರಾಂಕ್ಸಿ ಉಳಿದೆರಡಕ್ಕಿಂತ ಒಂದೆರಡು ಗಂಟೆ ಮುಂಚೆಯೇ ಕೆಲಸ ಮುಗಿಸಿರುತ್ತದೆ. ಆ್ಯನ್ಯುಲಾರಿಸ್ ಮತ್ತು ಫೇವಿಯೊಲೇಟಾಗಳ ವೇಳೆ ಹೊಂದಿದರೂ ಅಂಡ-ವೀರ್ಯಾಣುಗಳು ಸುಲಭವಾಗಿ ಕೂಡುವುದಿಲ್ಲ.

ಇದು ಬರೀ ಹೆಸರಿನ ಜಗಳವೂ ಅಲ್ಲ. ಹವಳದ ಬೆಳವಣಿಗೆಯ ವೇಗ ಮತ್ತು ಅಸ್ಥಿಪಂಜರದಲ್ಲಿರುವ ಆಮ್ಲಜನಕದ ಐಸೋಟೋಪುಗಳ, ಅಂದರೆ ತೂಕದಲ್ಲಿ ಭಿನ್ನವಾದ ಪರಮಾಣುಗಳ, ಅನುಪಾತದಿಂದ ಗತಕಾಲದ ಕಡಲಿನ ಉಷ್ಣತೆಯನ್ನು ಅಂದಾಜಿಸುವ ರೂಢಿಯಿದೆ. ಇವೆರಡೂ ಈ ಪ್ರಭೇದಗಳಲ್ಲಿ ಭಿನ್ನವಾಗಿರುವುದರಿಂದ, ಮಾದರಿಗಳು ಬೆರೆತರೆ ಲೆಕ್ಕವೇ ತಪ್ಪುತ್ತದೆ.