ಪೆಟ್ಟಿಗೆಯಲ್ಲಿರುವ ಹಳೆಯ ಬ್ಯಾಂಕ್ ಶೇರು: ಇಷ್ಟು ವರ್ಷಕ್ಕೆ ಬಂದದ್ದೆಷ್ಟು?



ಕಳೆದ ಮಾಸಿಕ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ತಮ್ಮ ಚೀಲದಿಂದ ಮಡಿಕೆಗಳಲ್ಲಿ ಸವೆದುಹೋದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ತೀರಿಕೊಂಡ ಅವರ ತಂದೆಯವರ ಹೆಸರಿನಲ್ಲಿರುವ ಕಾರ್ಪೊರೇಷನ್ ಬ್ಯಾಂಕಿನ 100 ಶೇರುಗಳ ಪತ್ರ. "ಆ ಬ್ಯಾಂಕೇ ಈಗ ಇಲ್ಲವಲ್ಲ ಮಾರಾಯ್ರೇ, ಇದನ್ನು ಇಟ್ಟುಕೊಳ್ಳುವುದೋ, ಒಲೆಗೆ ಹಾಕುವುದೋ?" ಎಂದು ಕೇಳಿದರು. ಒಲೆಗೆ ಹಾಕಬೇಡಿ ಎಂದಷ್ಟೇ ಆ ದಿನ ಹೇಳಿದೆವು. ಉಳಿದ ಉತ್ತರ ಇಲ್ಲಿದೆ.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಆ ಒಂದು ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಎಷ್ಟು! 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಬ್ಯಾಂಕ್ ಶೇರು ಎಂದರೆ ಜೂಜಲ್ಲ, ಊರಿನ ಸಂಸ್ಥೆಯಲ್ಲಿ ಒಂದು ಪಾಲು. ಕೊಂಡವರು ಮಾರಲಿಲ್ಲ. ಮಾರದೆ ಇಟ್ಟದ್ದರಿಂದ ಏನಾಯಿತು ಎಂಬ ಲೆಕ್ಕವನ್ನು ಮಾತ್ರ ಹೆಚ್ಚಿನವರು ಹಾಕಲಿಲ್ಲ.

ಮೇಲಿನ ಪತ್ರವನ್ನೇ ತೆಗೆದುಕೊಳ್ಳೋಣ. 1980ರಲ್ಲಿ ರಾಷ್ಟ್ರೀಕರಣಗೊಂಡಿದ್ದ ಕಾರ್ಪೊರೇಷನ್ ಬ್ಯಾಂಕ್ 1997ರಲ್ಲಿ ಶೇರೊಂದಕ್ಕೆ 80 ರೂಪಾಯಿಯಂತೆ ಸಾರ್ವಜನಿಕರಿಗೆ ಕೊಟ್ಟಿತು. 100 ಶೇರಿಗೆ 8,000 ರೂಪಾಯಿ. ಮುಂದೆ 10 ರೂಪಾಯಿ ಮುಖಬೆಲೆಯ ಒಂದು ಶೇರು 2 ರೂಪಾಯಿಯ ಐದಾಯಿತು. 100 ಇದ್ದದ್ದು 500. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ 1,000ಕ್ಕೆ 330ರಂತೆ ಯೂನಿಯನ್ ಬ್ಯಾಂಕಿನ ಶೇರು ಸಿಕ್ಕಿತು. ಅಂದರೆ ಇವರ ಪಾಲಿಗೆ 165. 2024ರ ಕೊನೆಗೆ ಬೆಲೆ ಸುಮಾರು 120 ರೂಪಾಯಿ, ಒಟ್ಟು 19,800. ಇಪ್ಪತ್ತೇಳು ವರ್ಷದಲ್ಲಿ ಎಂಟು ಸಾವಿರ ಸುಮಾರು ಇಪ್ಪತ್ತು ಸಾವಿರವಾಯಿತು ಎಂದರೆ ಕೇಳಲು ಚೆನ್ನ. ಚಕ್ರಬಡ್ಡಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 3.4 ಮಾತ್ರ. ನಡುವೆ ಬಂದ ಡಿವಿಡೆಂಡ್ ಇದಕ್ಕೆ ಸೇರಬೇಕು. ಹಾಗಿದ್ದರೂ ಅಂಚೆ ಕಚೇರಿಯ ಉಳಿತಾಯ ಪತ್ರದವರು ಇವರನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ.

ಅದೇ ಜಿಲ್ಲೆಯ ವಿಜಯಾ ಬ್ಯಾಂಕಿನ ಕಥೆ ಬೇರೆ. 2000ದ ಡಿಸೆಂಬರಿನಲ್ಲಿ 10 ರೂಪಾಯಿ ಮುಖಬೆಲೆಗೇ ಶೇರು ಕೊಟ್ಟರು. 1,000 ಶೇರಿಗೆ 10,000 ರೂಪಾಯಿ. 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾದಾಗ 1,000ಕ್ಕೆ 402 ಶೇರು. "ಸಾವಿರ ಕೊಟ್ಟು ನಾನೂರು ತಗೊಂಡೆವು" ಎಂದು ಗೊಣಗಿದವರಿದ್ದಾರೆ. ಆದರೆ ಎಣಿಸಬೇಕಾದದ್ದು ಶೇರುಗಳ ಸಂಖ್ಯೆಯನ್ನಲ್ಲ, ಬೆಲೆಯನ್ನು. 2024ರ ಕೊನೆಗೆ ಸುಮಾರು 240 ರೂಪಾಯಿಯಂತೆ 402 ಶೇರಿಗೆ 96,480. ಡಿವಿಡೆಂಡ್ ಬಿಟ್ಟು ವರ್ಷಕ್ಕೆ ಶೇಕಡಾ 9.9ರ ಆಸುಪಾಸು. ಎರಡೂ ಸರ್ಕಾರಿ ಬ್ಯಾಂಕು, ಎರಡೂ ವಿಲೀನವಾದವು. ಆದರೂ ಇಷ್ಟು ಅಂತರ. ಕೊಂಡ ಬೆಲೆಯೂ ವಿಲೀನದ ಪ್ರಮಾಣವೂ ಸೇರಿ ಮಾಡಿದ ಕೆಲಸ ಇದು.

ಇನ್ನು ಖಾಸಗಿಯಾಗಿಯೇ ಉಳಿದ ಕರ್ನಾಟಕ ಬ್ಯಾಂಕ್. ಇಲ್ಲಿ ಲೆಕ್ಕ ತಪ್ಪುವುದು ಬೇರೆ ಕಾರಣಕ್ಕೆ. 2016ರಲ್ಲಿ ಪ್ರತಿ ಎರಡು ಶೇರಿಗೆ ಒಂದು ಹಕ್ಕಿನ ಶೇರನ್ನು 70 ರೂಪಾಯಿಯಂತೆ ಕೊಟ್ಟರು. 100 ಇದ್ದವರು 3,500 ಕಟ್ಟಿ 150 ಮಾಡಿಕೊಂಡರು. 2020ರಲ್ಲಿ ಹತ್ತಕ್ಕೆ ಒಂದು ಬೋನಸ್, ಆಗ 165. (ಇಲ್ಲೂ 165 ಬಂದದ್ದು ಕಾಕತಾಳೀಯ, ಯಾರೂ ಗಲಿಬಿಲಿಯಾಗಬೇಡಿ.) ಹಕ್ಕಿನ ಶೇರಿನ ಅರ್ಜಿ ಬಂದಾಗ ಏನೆಂದು ತಿಳಿಯದೆ ಕಪಾಟಿನಲ್ಲಿಟ್ಟವರಿಗೆ ಈಗ 110 ಮಾತ್ರ. ಪೇಟೆಗಿಂತ ಕಡಿಮೆ ಬೆಲೆಗೆ ಸಿಗುತ್ತಿದ್ದದ್ದು ಅವರ ಕೈತಪ್ಪಿತು. ಬ್ಯಾಂಕಿನಲ್ಲಿ ಅವರ ಪಾಲೂ ತೆಳುವಾಯಿತು. ಇತ್ತ 165 ಇರುವವರು "ನನ್ನದು ಇಷ್ಟಾಯಿತು" ಎನ್ನುವಾಗ ನಡುವೆ ಕಟ್ಟಿದ 3,500ನ್ನು ಮರೆಯುತ್ತಾರೆ. 2023-24ರ ಸಾಲಿಗೆ ಶೇರೊಂದಕ್ಕೆ 5.50 ರೂಪಾಯಿಯಂತೆ ಇವರಿಗೆ ಬಂದ ಡಿವಿಡೆಂಡ್ 907.50. 2019-20ರ ಸಾಲಿಗೆ ಏನೂ ಇಲ್ಲ; ಕೊರೋನಾ ಕಾಲದಲ್ಲಿ ಯಾವ ಬ್ಯಾಂಕೂ ಕೊಡಬಾರದೆಂದು ರಿಸರ್ವ್ ಬ್ಯಾಂಕೇ ತಡೆದಿತ್ತು.

ಬೆಲೆಯಂತೂ 2017ರಲ್ಲಿ ನೂರರ ಮೇಲಿತ್ತು, 2020ರ ಮಾರ್ಚಿನಲ್ಲಿ ಐವತ್ತಕ್ಕಿಂತ ಕೆಳಗಿಳಿಯಿತು, 2024ರ ಆರಂಭದಲ್ಲಿ 250 ದಾಟಿತು. ಆದ್ದರಿಂದ ಯಾರಾದರೂ "ಐದು ಪಟ್ಟಾಯಿತು" ಎಂದರೆ ಯಾವ ವರ್ಷದಿಂದ ಎಣಿಸಿದರೆಂದು ಕೇಳಿ. ಮಗಳ ಮದುವೆಗೋ ಮನೆಯವರ ಆಸ್ಪತ್ರೆಗೋ 2020ರಲ್ಲಿ ಮಾರಬೇಕಾಗಿ ಬಂದವರಿಗೆ ಆ ಐದು ಪಟ್ಟು ಸಿಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಉಳಿದ ಬ್ಯಾಂಕುಗಳ ಕಥೆಯನ್ನು ಮಾತ್ರ ನಾವು ಹೇಳುತ್ತೇವೆ, ಅಳಿದವುಗಳದ್ದನ್ನು ಯಾರೂ ಚಹಾಕ್ಕೆ ಕುಳಿತು ಹೇಳುವುದಿಲ್ಲ. ಜತ್ ಕಡೆಯ ಸದಸ್ಯರಿಗೆ ಸಾಂಗ್ಲಿ ಬ್ಯಾಂಕ್ ನೆನಪಿರಬಹುದು. 2007ರಲ್ಲಿ ಅದರ 925 ಶೇರಿಗೆ ಐಸಿಐಸಿಐ ಬ್ಯಾಂಕಿನ 100 ಶೇರು ಸಿಕ್ಕಿತು, ಮಾರದೆ ಇಟ್ಟವರಿಗೆ ಒಳ್ಳೆಯದೇ ಆಯಿತು. ಅದಕ್ಕೆ ಹಿಂದಿನ ವರ್ಷ ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕು ಐಡಿಬಿಐಗೆ ಸೇರಿದಾಗ ಶೇರೊಂದಕ್ಕೆ 28 ರೂಪಾಯಿ ನಗದು ಕೊಟ್ಟು ಕೈತೊಳೆದುಕೊಂಡರು. ಹೊಸೂರು, ತಾಳವಾಡಿಯವರಿಗೆ ಗೊತ್ತಿರುವ ಕರೂರಿನ ಲಕ್ಷ್ಮೀ ವಿಲಾಸ ಬ್ಯಾಂಕ್ 1926ರದ್ದು. 2020ರ ನವೆಂಬರಿನಲ್ಲಿ ಅದನ್ನು ಡಿಬಿಎಸ್ ಬ್ಯಾಂಕಿಗೆ ಸೇರಿಸಿದಾಗ ಠೇವಣಿದಾರರ ಹಣಕ್ಕೆ ಧಕ್ಕೆಯಾಗಲಿಲ್ಲ, ಶೇರುದಾರರಿಗೆ ಮಾತ್ರ ಒಂದು ಪೈಸೆಯೂ ಬರಲಿಲ್ಲ. ತೊಂಬತ್ತನಾಲ್ಕು ವರ್ಷದ ಬ್ಯಾಂಕು! 2004ರಲ್ಲಿ ಹೈದರಾಬಾದಿನ ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಶೇರುದಾರರಿಗೂ ಇದೇ ಗತಿ.

ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ. ಶೇರಿಗೆ ಅಂಥದ್ದಿಲ್ಲ, ಬ್ಯಾಂಕು ನಷ್ಟ ಕಂಡರೆ ಮೊದಲು ಕರಗುವುದು ಶೇರುದಾರನ ಹಣವೇ. ನಮ್ಮವರು ಎರಡನ್ನೂ ಒಂದೇ ಪಾಸ್‌ಬುಕ್ಕಿನಂತೆ ನೋಡುತ್ತಾರೆ, ಅದೇ ನಮಗೆ ಚಿಂತೆ. ನಿವೃತ್ತಿಯ ಹಣವನ್ನೆಲ್ಲ ಊರಿನ ಅಭಿಮಾನಕ್ಕೆ ಒಂದೇ ಬ್ಯಾಂಕಿನ ಶೇರಿಗೆ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಗಡಿಯಲ್ಲಿರುವ ನಮಗೆ ಇದರ ಮೇಲೊಂದು ತೊಡಕು, ಹೆಸರಿನದ್ದು. ಶೇರು ಪತ್ರದಲ್ಲಿ ಒಂದು ರೀತಿ, ಕೇರಳದ ರೇಷನ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದಕ್ಕೆ, ಮಹಾರಾಷ್ಟ್ರದ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಮರಣ ಪತ್ರದಲ್ಲಿ ಇನ್ನೇನೋ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇವೆ. ತೀರ್ಥರೂಪರು ಹೋದಮೇಲೆ ಅವರ ಶೇರುಗಳನ್ನು ತಾಯಿಯವರ ಹೆಸರಿಗೆ ಮಾಡಿಸಲು ಒಂಬತ್ತು ವರ್ಷ ತಡಮಾಡಿದೆವು. ಜೀವಮಾನವೆಲ್ಲ ಊರವರ ಕಡತ ತಿದ್ದಿದ ಗುಮಾಸ್ತರು ನಾವು, ಸ್ವಂತ ಕಡತ ಧೂಳು ಹಿಡಿದಿತ್ತು! ವಿಳಾಸ ಬದಲಾಗಿ ಡಿವಿಡೆಂಡ್ ವಾರಂಟುಗಳು ಮರಳಿ ಹೋಗಿದ್ದವು, "ಭಟ್" ಮತ್ತು "ಭಟ್ಟ" ಒಬ್ಬರೇ ಎಂದು ಪ್ರಮಾಣಪತ್ರ ಕೊಡಬೇಕಾಯಿತು. ಕೆಲಸ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ತಾಯಿಯವರೂ ಇರಲಿಲ್ಲ.

ಏಳು ವರ್ಷ ಯಾರೂ ಪಡೆಯದ ಡಿವಿಡೆಂಡ್ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ, ಶೇರುಗಳೂ ಅದರ ಹಿಂದೆಯೇ. ಸರ್ಕಾರಿ ಬ್ಯಾಂಕುಗಳ ಶೇರಿಗೂ 2025ರ ತಿದ್ದುಪಡಿಯಿಂದ ಈ ದಾರಿ ತೆರೆದಿದೆ. ಹೋದದ್ದು ಮುಳುಗಲಿಲ್ಲ, ವಾರಸುದಾರರು ಐಇಪಿಎಫ್-5 ಎಂಬ ಅರ್ಜಿ ಹಾಕಿ ಮರಳಿ ಪಡೆಯಬಹುದು. 2019ರ ಏಪ್ರಿಲಿನಿಂದ ಕಾಗದದ ಶೇರನ್ನು ಮಾರಲಾಗದು. ಮೊದಲು ಡಿಮ್ಯಾಟ್ ಖಾತೆಗೆ ಹಾಕಿಸಬೇಕು.

ಮುಂದಿನ ಮಾಸಿಕ ಸಭೆಯ ಬಳಿಕ ಒಂದು ಗಂಟೆ ಇದಕ್ಕೆಂದೇ ಇಟ್ಟಿದ್ದೇವೆ. ಹಳೆಯ ಶೇರು ಪತ್ರ, ಮರಳಿ ಬಂದ ವಾರಂಟು, ಮರಣ ಪತ್ರ, ಪ್ಯಾನ್ ಮತ್ತು ಆಧಾರದ ನಕಲು ತನ್ನಿ. ಮೂಲಪತ್ರವನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ. ಅರ್ಜಿ ತುಂಬಿಸಿ ಕೊಡುತ್ತೇವೆ, ಸಂಘಕ್ಕೆ ಶುಲ್ಕವಿಲ್ಲ. ಪ್ಲಾಸ್ಟಿಕ್ ಚೀಲದ ಹಿರಿಯರು ಮೊದಲನೆಯವರಾಗಿ ಬರುತ್ತೇನೆಂದು ಹೇಳಿದ್ದಾರೆ.

— ಕಾರ್ಯದರ್ಶಿ