ಹನಿ ಎಣಿಸಿ ಎಳೆತ ಅಳೆಯುವ ಬಗೆ

ದ್ರವದ ಮೇಲ್ಪದರ ತನ್ನ ಹರವನ್ನು ಆದಷ್ಟು ಕುಗ್ಗಿಸಿಕೊಳ್ಳಲು ತೋರುವ ಬಲವೇ ಮೇಲ್ಮೈ ಎಳೆತ. ಒಳಗಿರುವ ಅಣುವನ್ನು ನೆರೆಯ ಅಣುಗಳು ಎಲ್ಲ ದಿಕ್ಕಿನಿಂದಲೂ ಸೆಳೆಯುತ್ತವೆ. ಮೇಲಿರುವ ಅಣುವಿಗೆ ಗಾಳಿಯ ಕಡೆಯಿಂದ ಆ ಸೆಳೆತ ಸಿಗುವುದಿಲ್ಲ. ಶುದ್ಧ ನೀರಿನ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72 ಮಿಲಿನ್ಯೂಟನ್. ನೀರು 40 ಡಿಗ್ರಿಗೆ ಕಾದರೆ ಅದು 70ಕ್ಕಿಂತ ತುಸು ಕೆಳಗಿಳಿಯುತ್ತದೆ. ಅಡುಗೆ ಉಪ್ಪು ಕರಗಿಸಿದರೆ ಸ್ವಲ್ಪ ಏರುತ್ತದೆ. ಸೋಪಿನಂಥ ವಸ್ತು ಬೆರೆಸಿದರೆ ಮಾತ್ರ 30ರ ಆಸುಪಾಸಿಗೆ ಕುಸಿಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಭತ್ತದ ಗದ್ದೆಯಲ್ಲಿ ಈ ಅಂಕಿಗೆ ನೇರ ಬೆಲೆಯಿದೆ. ಭತ್ತದ ಎಲೆಯ ಮೇಲೆ ಮೇಣದ ಲೇಪವಿದೆ, ಅದರಡಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಬ್ಬುಗಳಿವೆ. ಬರೀ ನೀರು ಅಲ್ಲಿ ಗುಂಡಾಗಿ ಉರುಳಿ ಕೆಸರಿಗೆ ಬೀಳುತ್ತದೆ. ಆದ್ದರಿಂದಲೇ ಎಣ್ಣೆ ಹೊಡೆಯುವಾಗ, ಅಂದರೆ ಕೀಟನಾಶಕ ಸಿಂಪಡಿಸುವಾಗ, ಪಂಪಿಗೆ ಎಳೆತ ತಗ್ಗಿಸುವ ಅಂಟು ದ್ರಾವಣ ಸೇರಿಸುವ ರೂಢಿ. ಲಿಂಗಸುಗೂರು, ಮಸ್ಕಿ ಕಡೆ ಬೆಳೆಯುವ ಹತ್ತಿಯ ಎಲೆ ಇಷ್ಟು ಹಟಮಾರಿಯಲ್ಲ. ಅದು ಭತ್ತದ ಎಲೆಗಿಂತ ಸುಲಭವಾಗಿ ನೆನೆಯುತ್ತದೆ.

ಪ್ರಯೋಗಾಲಯದಲ್ಲಿ ತೆಳ್ಳನೆಯ ಪ್ಲಾಟಿನಂ ಬಳೆಯನ್ನು ದ್ರವಕ್ಕೆ ತಾಗಿಸಿ, ಮೆಲ್ಲಗೆ ಮೇಲೆತ್ತಿ, ಅದನ್ನು ಬಿಡಿಸಲು ಬೇಕಾದ ಬಲವನ್ನು ತೂಗುತ್ತಾರೆ. ಬಳೆಯ ಬದಲು ತಗಡನ್ನು ಅದ್ದುವ ವಿಲ್ಹೆಲ್ಮಿಯ ವಿಧಾನ 1863ರಷ್ಟು ಹಳೆಯದು. ಸೂಕ್ಷ್ಮ ಗಾಜಿನ ಕೊಳವೆಯಲ್ಲಿ ದ್ರವ ಎಷ್ಟು ಎತ್ತರ ಏರುತ್ತದೆಂದು ನೋಡಿಯೂ ಲೆಕ್ಕ ಹಾಕಬಹುದು: ಅರ್ಧ ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು 29 ಮಿಲಿಮೀಟರ್ ಏರುತ್ತದೆ. ಆದರೆ ಸೋಪಿನ ಅಣುಗಳು ಗಾಜಿಗೂ ಅಂಟಿಕೊಂಡು ಅಳತೆಯನ್ನು ಕೆಡಿಸಬಹುದು. ದುಬಾರಿ ಉಪಕರಣವೇ ಬೇಕೆಂದೇನಿಲ್ಲ. ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಮನೆಯಲ್ಲೇ ತಗಡಿನ ತೊಟ್ಟಿ ಮತ್ತು ಒಂದು ಗುಂಡಿ ಇಟ್ಟುಕೊಂಡು ಮಾಡಿದ ಅಳತೆಗಳು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದವು.

ಹೋಲಿಸಿ ನೋಡುವುದಷ್ಟೇ ಉದ್ದೇಶವಾದರೆ ಹನಿ ಎಣಿಕೆಯೇ ಸಾಕು. ನಳಿಕೆಯ ತುದಿಯಲ್ಲಿ ತೂಗುವ ಹನಿಯನ್ನು ಹಿಡಿದಿಡುವುದು ಮೇಲ್ಮೈ ಎಳೆತ, ಕೆಳಗೆಳೆಯುವುದು ಅದರ ತೂಕ. ಎಳೆತ ಕಡಿಮೆಯಾದಷ್ಟೂ ಹನಿ ಚಿಕ್ಕದಿರುವಾಗಲೇ ಕಳಚಿ ಬೀಳುತ್ತದೆ, ಹಾಗಾಗಿ ಅಷ್ಟೇ ದ್ರವದಿಂದ ಹೆಚ್ಚು ಹನಿ. 5 ಮಿಲಿಲೀಟರ್ ನೀರು 100 ಹನಿಯಾಗಿ ಬಿದ್ದು, ಅದೇ ನಳಿಕೆಯಿಂದ ಅಷ್ಟೇ ದ್ರಾವಣ 220 ಹನಿಯಾದರೆ, 72ನ್ನು 100ರಿಂದ ಗುಣಿಸಿ 220ರಿಂದ ಭಾಗಿಸಬೇಕು: ಉತ್ತರ ಸುಮಾರು 33. ತೆಳು ದ್ರಾವಣದ ಸಾಂದ್ರತೆ ನೀರಿನಷ್ಟೇ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ನಿಖರವಾದ ಅಂಕಿ ಬೇಕೆಂದರೆ, ಕಳಚಿದ ಮೇಲೂ ತುದಿಯಲ್ಲೇ ಉಳಿಯುವ ದ್ರವಕ್ಕೆ ತಿದ್ದುಪಡಿ ಹಾಕಬೇಕಾಗುತ್ತದೆ.

ಎರಡು ಎಚ್ಚರಿಕೆ ಅಗತ್ಯ. ನಳಿಕೆಗೆ ಎಣ್ಣೆಜಿಡ್ಡು ಸೋಂಕಿದ್ದರೆ ಲೆಕ್ಕವೆಲ್ಲ ಹಾಳು. ಹನಿ ಬೀಳುವ ವೇಗವೂ ಮುಖ್ಯ: ಸೋಪಿನ ಅಣು ದ್ರಾವಣದ ಒಡಲಿನಿಂದ ಹೊಸ ಮೇಲ್ಮೈಗೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ಬೇಗ ಬೇಗ ಹನಿಸಿದರೆ ಎಳೆತ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಪಂಪಿನ ಮೂತಿಯಿಂದ ಎಲೆಗೆ ಹಾರುವ ಹನಿಗೆ ಆ ಹೊತ್ತೂ ಇರುವುದಿಲ್ಲ, ಆದ್ದರಿಂದ ನಿಧಾನ ಅಳತೆಯಲ್ಲಿ ಗೆದ್ದ ದ್ರಾವಣ ಗದ್ದೆಯಲ್ಲಿ ಸೋಲಲೂಬಹುದು.

ಸೋಪಿನಂಥ ವಸ್ತುವಿನ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ಅಳೆದಾಗ ಕಾಣುವುದು ಇನ್ನೂ ಸ್ವಾರಸ್ಯಕರ. ಮೊದಲು ಎಳೆತ ಭರದಿಂದ ಇಳಿಯುತ್ತದೆ, ಒಂದು ಹಂತದಲ್ಲಿ ನಿಂತೇಬಿಡುತ್ತದೆ. ಅಷ್ಟರಲ್ಲಿ ಮೇಲ್ಮೈ ತುಂಬಿಹೋಗಿದ್ದು, ಮುಂದೆ ಬೆರೆಸಿದ ಅಣುಗಳು ನೀರೊಳಗೇ ಗುಂಪುಗೂಡುತ್ತವೆ. ಆ ಗುಂಪಿನ ಹೆಸರು ಮೈಸೆಲ್. ಶಾಂಪೂಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟ್‌ಗೆ ಈ ಮಿತಿ ಲೀಟರಿಗೆ ಸುಮಾರು 8 ಮಿಲಿಮೋಲ್, ಅಂದರೆ 2.3 ಗ್ರಾಂ. ಗಡಸು ನೀರಾದರೆ ಮಾತು ಬೇರೆ: ಅದರ ಕ್ಯಾಲ್ಸಿಯಂ ಸಾಧಾರಣ ಸೋಪನ್ನು ಗಸಿಯಾಗಿ ಕೆಳಗಿಳಿಸುತ್ತದೆ. ಹಾಗಾಗಿ ಸಿಂಪಡಣೆಗೆ ಬಳಸುವ ನೀರಿನಲ್ಲೇ ಅಳತೆಯೂ ಆಗಬೇಕು.

ಮಿತಿ ದಾಟಿದ ಮೇಲೆ ಸುರಿದ ಅಂಟು ಎಳೆತವನ್ನು ಇನ್ನಷ್ಟು ತಗ್ಗಿಸುವುದಿಲ್ಲ. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು, ಆದರೆ ಅಂಟು ಬೆರೆಸಿದ ನೀರಿನಲ್ಲಷ್ಟೇ. ಕೀಟನಾಶಕವನ್ನು ಅದಕ್ಕೆ ಸೇರಿಸಬಾರದು, ನಳಿಕೆಯನ್ನು ಬಾಯಿಂದ ಹೀರಿ ತುಂಬಿಸಲೂಬಾರದು.